ಶೀರೂರು ಮಠದ ಮೊಕದ್ದಮೆ ಮತ್ತು ನಮ್ಮ ಮಕ್ಕಳು

(ತೊಕ್ಕೊಟ್ಟಿನಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ಪ್ರತಿವರ್ಷ ನಮಗೆ ಬರುವ ಅರ್ಜಿಗಳನ್ನು ನೋಡಿದರೆ ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಬಿ.ಕಾಂ. ಇವೇ ಹೆಚ್ಚು. ಕಾನೂನು ಓದಲು ನೆರವು ಕೇಳುವವರು ಬೆರಳೆಣಿಕೆಯಷ್ಟು. ವಕೀಲಿಕೆ ಎಂದರೆ ಸುಳ್ಳು ಹೇಳುವ ಕೆಲಸ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಹಾಗಾಗಿ ಈ ಬಾರಿ ಕಾನೂನಿನ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇವೆ.

ಸಂವಿಧಾನದ 25ರಿಂದ 30ರವರೆಗಿನ ವಿಧಿಗಳು ಧರ್ಮ ಮತ್ತು ಅಲ್ಪಸಂಖ್ಯಾತರ ಹಕ್ಕುಗಳನ್ನು ಹೇಳುತ್ತವೆ. ಅವುಗಳ ಅರ್ಥವನ್ನು ನ್ಯಾಯಾಲಯ ಬಿಡಿಸಿದ ದೊಡ್ಡ ಮೊಕದ್ದಮೆಗಳಲ್ಲಿ ಕೆಲವು ನಮ್ಮ ಕರಾವಳಿಯಿಂದಲೇ ದೆಹಲಿಗೆ ಹೋದವು ಎಂಬುದು ಇಲ್ಲಿ ಕುಳಿತ ಎಷ್ಟು ಮಂದಿಗೆ ಗೊತ್ತು? ಮೊದಲನೆಯದು ಉಡುಪಿಯ ಶೀರೂರು ಮಠದ್ದು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಮದ್ರಾಸ್ ಸರ್ಕಾರದ 1951ರ ಧಾರ್ಮಿಕ ದತ್ತಿ ಕಾಯ್ದೆ ಮಠದ ಆಡಳಿತಕ್ಕೆ ಕೈ ಹಾಕಿತೆಂದು ಸ್ವಾಮೀಜಿಯವರು ನ್ಯಾಯಾಲಯಕ್ಕೆ ಹೋದರು. ಒಂದು ಧರ್ಮದಲ್ಲಿ ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು. ಮಠಕ್ಕಾಗಿ ಬಂದ ಆ ತೀರ್ಪನ್ನು ನಂತರ ಮಸೀದಿ, ಚರ್ಚು, ಗುರುದ್ವಾರದವರೆಲ್ಲ ತಮ್ಮ ಪರವಾಗಿ ಓದಿದರು.

ಎರಡನೆಯದು ಶಿಕ್ಷಣ ಸಂಸ್ಥೆಗಳದ್ದು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಯಾರು ಅಲ್ಪಸಂಖ್ಯಾತರು ಎಂಬುದನ್ನು ರಾಜ್ಯವಾರು ನೋಡಬೇಕೆಂದಿತು. ಮರುವರ್ಷ, ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ದೇರಳಕಟ್ಟೆಯಲ್ಲಿ ಯೆನೆಪೋಯ ಸಂಸ್ಥೆಗಳನ್ನು ನಡೆಸುವ ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ಹೆಸರಿನಲ್ಲೇ ಇನ್ನೊಂದು ತೀರ್ಪು ಬಂತು. ಶುಲ್ಕ ಮತ್ತು ಪ್ರವೇಶವನ್ನು ನೋಡಿಕೊಳ್ಳಲು ನಿವೃತ್ತ ನ್ಯಾಯಮೂರ್ತಿಗಳ ಸಮಿತಿಗಳನ್ನು ರಾಜ್ಯಗಳು ರಚಿಸಿದ್ದು ಅದರ ಮೇಲೆಯೇ.

ಮೂರನೆಯದು ನಿಮಗೆಲ್ಲ ಗೊತ್ತಿರುವುದು. ಉಡುಪಿಯ ಸರ್ಕಾರಿ ಬಾಲಕಿಯರ ಪಿಯು ಕಾಲೇಜಿನಿಂದ ಎದ್ದ ಹಿಜಾಬ್ ಪ್ರಕರಣ. 2022ರ ಮಾರ್ಚ್ 15ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಅದು ಎತ್ತಿಕೊಂಡ ಮೊದಲ ಪ್ರಶ್ನೆ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯೇ ಎಂಬುದು. ಶೀರೂರು ಮಠದ ತೀರ್ಪಿನಿಂದ ಬೆಳೆದ ಅದೇ ಅಳತೆಗೋಲು 68 ವರ್ಷಗಳ ನಂತರ ಉಡುಪಿಗೇ ಮರಳಿ ಬಂತು, ಈ ಬಾರಿ ಹೆಣ್ಣುಮಕ್ಕಳ ವಿರುದ್ಧ.

ಬೇರೆ ದಾರಿ ಇರಲಿಲ್ಲವೇ? ಇತ್ತು. 1985ರಲ್ಲಿ ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳನ್ನು, ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿದರು. ಮಕ್ಕಳ ನಂಬಿಕೆ ಪ್ರಾಮಾಣಿಕವೇ ಎಂದಷ್ಟೇ ಸುಪ್ರೀಂ ಕೋರ್ಟ್ 1986ರಲ್ಲಿ ನೋಡಿತು; ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. 2022ರ ಅಕ್ಟೋಬರ್ 13ರಂದು ಹಿಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾದಾಗ, ಹೆಣ್ಣುಮಕ್ಕಳ ಪರ ಬರೆದ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಆಧರಿಸಿದ್ದು ಈ ತೀರ್ಪನ್ನೇ. ಯಾವ ಪ್ರಶ್ನೆ ಮುಂದಿರಬೇಕು ಎಂಬುದರಲ್ಲಿ ಮೊಕದ್ದಮೆಯ ಅರ್ಧ ಇದೆ ಎಂದು ನಮಗೆ ಅನಿಸುವುದು ಇದರಿಂದ. ಅಷ್ಟರಲ್ಲಿ ಎಷ್ಟೋ ಮಕ್ಕಳು ಪರೀಕ್ಷೆ ತಪ್ಪಿಸಿಕೊಂಡರು, ಟಿ.ಸಿ. ಪಡೆದು ಬೇರೆಡೆ ಹೋದರು. ಆ ವರ್ಷವನ್ನು ಯಾವ ಪೀಠವೂ ಹಿಂತಿರುಗಿಸದು.

ಕೇರಳದ ಮಕ್ಕಳ ತೀರ್ಪು ಬರೆದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರೇ ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದರು. 1995ರಿಂದ ಜಾರಿಯಾದ ಪ್ರವರ್ಗ 2ಬಿಯ ಶೇ. 4 ಮೀಸಲಾತಿಯ ಹಿಂದೆ ಅವರ ವರದಿಯಿದೆ. 2023ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ತೆಗೆದಾಗ, ಆ ನಿರ್ಧಾರದ ಬುನಾದಿ ಅಲುಗಾಡುತ್ತಿದೆ ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟ್ ಏಪ್ರಿಲ್ 13ರ ವಿಚಾರಣೆಯಲ್ಲಿ ಆಡಿತು. ಹೊಸ ಆದೇಶದಂತೆ ಸದ್ಯ ಪ್ರವೇಶ, ನೇಮಕಾತಿ ಮಾಡುವುದಿಲ್ಲವೆಂದು ಸರ್ಕಾರ ಒಪ್ಪಬೇಕಾಯಿತು. ಯಾರೋ ಕಡತ ಸಿದ್ಧಪಡಿಸಿ ಸಮಯಕ್ಕೆ ಅರ್ಜಿ ಹಾಕಿದ್ದರಿಂದ ಅದು ಸಾಧ್ಯವಾಯಿತು.

ಹೆತ್ತವರಲ್ಲಿ ಒಂದು ವಿನಂತಿ. ಮಗುವಿಗೆ ಪ್ರವೇಶ ನಿರಾಕರಿಸಿದರೆ, ಬಾಡಿಗೆ ಮನೆ ಖಾಲಿ ಮಾಡಿಸಿದರೆ, ಠಾಣೆಯಲ್ಲಿ ದೂರು ಪಡೆಯದಿದ್ದರೆ, ಕಚೇರಿಯ ಬಾಗಿಲಲ್ಲಿ ವಾಗ್ವಾದಕ್ಕೆ ನಿಲ್ಲಬೇಡಿ. ಬರವಣಿಗೆಯಲ್ಲಿ ಮನವಿ ಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಇದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ವಿದ್ಯಾರ್ಥಿಗಳೇ, ಪಿಯುಸಿ ನಂತರ ಐದು ವರ್ಷದ, ಪದವಿಯ ನಂತರ ಮೂರು ವರ್ಷದ ಕಾನೂನು ಕೋರ್ಸು ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಮಂಗಳೂರಿನಲ್ಲೂ ಉಡುಪಿಯಲ್ಲೂ ಒಳ್ಳೆಯ ಕಾಲೇಜುಗಳಿವೆ. ಓದು ಮುಗಿಸಿ ವಕೀಲರಾಗಿ ನೋಂದಾಯಿಸಲು ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಕಷ್ಟ ಇರುವುದು ಆಮೇಲಿನ ಮೊದಲ ಎರಡು ಮೂರು ವರ್ಷಗಳಲ್ಲಿ. ಹಿರಿಯ ವಕೀಲರ ಕಚೇರಿಯಲ್ಲಿ ಕಲಿಯುವಾಗ ಕೈಗೆ ಬರುವುದು ಬಸ್ಸಿನ ಖರ್ಚಿಗೂ ಸಾಲದು. ಮನೆಯ ಹೊರೆ ಹೊತ್ತ ಮಕ್ಕಳು ಅಲ್ಲಿಯೇ ಬಿಟ್ಟು ಗಲ್ಫಿಗೆ ಹೊರಡುತ್ತಾರೆ.

ಆದ್ದರಿಂದ ಕಾನೂನು ವಿದ್ಯಾರ್ಥಿಗಳಿಗೆ ಓದಿನ ಕಾಲದ ಶುಲ್ಕದ ಜೊತೆಗೆ, ನೋಂದಣಿಯ ನಂತರದ ಎರಡು ವರ್ಷ ತಿಂಗಳ ನೆರವನ್ನೂ ಕೊಡಲು ಟ್ರಸ್ಟ್ ನಿರ್ಧರಿಸಿದೆ. ಹೆಣ್ಣುಮಕ್ಕಳ ಅರ್ಜಿಗಳಿಗೆ ಆದ್ಯತೆ. ಯಾವ ಧರ್ಮದವರೂ ಅರ್ಜಿ ಹಾಕಬಹುದು. ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಪ್ರವೇಶ ಪತ್ರದ ಪ್ರತಿಗಳನ್ನು ಲಗತ್ತಿಸಿ, ತೊಕ್ಕೊಟ್ಟಿನ ನಮ್ಮ ಕಚೇರಿಗೆ ಖುದ್ದಾಗಿ ತಂದುಕೊಡಿ. ಸ್ವೀಕೃತಿ ಸಹಿಯನ್ನು ನಮ್ಮಿಂದಲೂ ಕೇಳಿ ಪಡೆಯಿರಿ.