ಅಜ್ಜಿ ಕೆಂಗೇರಿಯಲ್ಲಿ, ವೋಟು ರಾಜಾಜಿನಗರದಲ್ಲಿ

ಇವತ್ತು ನಮ್ಮಜ್ಜಿಯ ವೋಟಿನ ಕಥೆ ಹೇಳ್ತೀನಿ.

2023ರ ಮೇ ತಿಂಗಳು, ವಿಧಾನಸಭಾ ಚುನಾವಣೆ. ಅಜ್ಜಿಗೆ ಆಗ 82. ಆ ಚುನಾವಣೆಯಲ್ಲಿ 80 ದಾಟಿದವರು ಮನೆಯಿಂದಲೇ ಮತ ಹಾಕಬಹುದಿತ್ತು. ರಾಜಾಜಿನಗರದ ನಮ್ಮ ಮನೆಗೆ ಸಿಬ್ಬಂದಿ ಬಂದು ಮತಪತ್ರ ಕೊಟ್ರು. ಅಜ್ಜಿ ಇಸ್ತ್ರಿ ಸೀರೆ ಉಟ್ಕೊಂಡು ಕಾಯ್ತಾ ಕೂತಿದ್ರು. ನನ್ನನ್ನ ರೂಮಿಂದ ಆಚೆ ಕಳಿಸಿದ್ರು. ಆಮೇಲೆ "ಯಾರಿಗೆ ಹಾಕಿದ್ರಿ ಅಜ್ಜಿ?" ಅಂದ್ರೆ, "ನಿಂಗ್ಯಾಕೋ ಅದು?" ಅಂದ್ರು.

ಅದೇ ವರ್ಷದ ಕೊನೆಗೆ ಅಜ್ಜಿ ಬಿದ್ದು ಸೊಂಟದ ಮೂಳೆ ಮುರೀತು. ಮನೇಲಿ ಎಲ್ಲರೂ ಕೆಲಸಕ್ಕೆ ಹೋಗೋರು. ಕೆಂಗೇರಿಯ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ್ವಿ.

2024ರಲ್ಲಿ ಲೋಕಸಭಾ ಚುನಾವಣೆ ಬಂತು. ಏಪ್ರಿಲ್ 26ಕ್ಕೆ ಮತದಾನ. ಅದರ ಹಿಂದಿನ ಭಾನುವಾರ ಅಜ್ಜಿ ಕೇಳಿದ್ರು, "ವೋಟಿನವರು ಯಾವಾಗ ಬರ್ತಾರೆ?"

ಯಾರೂ ಬರೋದಿರಲಿಲ್ಲ. ಎರಡು ಕಾರಣ. ಮನೆಯಿಂದ ಮತದಾನದ ವಯಸ್ಸನ್ನು ಆ ಮಾರ್ಚ್‌ನಲ್ಲಿ 80ರಿಂದ 85ಕ್ಕೆ ಏರಿಸಿದ್ರು. ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಇದ್ದಿದ್ರೆ ಆಗ್ತಿತ್ತು, ನಾವು ಮಾಡಿಸಿರಲಿಲ್ಲ. ಇನ್ನೊಂದು, ಅವರ ಹೆಸರು ಇದ್ದದ್ದು ರಾಜಾಜಿನಗರದ ಪಟ್ಟಿಯಲ್ಲಿ. ಅದು ಬೆಂಗಳೂರು ಕೇಂದ್ರ ಕ್ಷೇತ್ರ, ಕೆಂಗೇರಿ ಬೆಂಗಳೂರು ಉತ್ತರ. ಮತಗಟ್ಟೆಯಲ್ಲಿ ವೀಲ್‌ಚೇರ್ ಇರುತ್ತೆ, ನಿಜ. ಆದ್ರೆ ಮಂಚದಿಂದ ಎದ್ದು, ಮೈಸೂರು ರಸ್ತೆ ಟ್ರಾಫಿಕ್ ದಾಟಿ ಅಲ್ಲಿಗೆ ಹೋಗೋದು ಹೇಗೆ?

ವಿಳಾಸ ಬದಲಾಯಿಸೋಕೆ ಫಾರಂ 8 ಇದೆ. ಮೊಬೈಲಲ್ಲೇ ತುಂಬಬಹುದು. ನಾನ್ಯಾಕೆ ತುಂಬಿರಲಿಲ್ಲ ಗೊತ್ತಾ? ತುಂಬಿದ್ರೆ ಅಜ್ಜಿ ಇನ್ನು ಮನೆಗೆ ವಾಪಸ್ ಬರಲ್ಲ ಅಂತ ನಾವೇ ಬರೆದುಕೊಟ್ಟ ಹಾಗೆ ಅನಿಸ್ತಿತ್ತು. ಮನೇಲಿ ಯಾರೂ ಆ ಮಾತೇ ಎತ್ತಲಿಲ್ಲ. ನಮ್ಮ ಸಂಕೋಚಕ್ಕೆ ಅವರ ವೋಟು ಹೋಯ್ತು.

ಈಗ ಅಜ್ಜಿಗೆ 85. ಕೊನೆಗೂ ಧೈರ್ಯ ಮಾಡಿ ಕೇಳಿದೆ. "ನಾನಿರೋದು ಇಲ್ಲಿ ತಾನೆ? ಇಲ್ಲೀದೇ ಬರಿ" ಅಂದ್ರು. ಅಷ್ಟೇ.

ನಿಮ್ಮ ತಾತನೋ ಅಜ್ಜಿಯೋ ಇಂಥ ಕಡೆ ಇದ್ರೆ, ಮೊದಲು ಅವರನ್ನೇ ಕೇಳಿ. ಒಪ್ಪಿದ್ರೆ ಈಗಲೇ ಫಾರಂ 8 ಹಾಕಿ, ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ. ಅವರ ಹೆಸರಲ್ಲಿ ಕರೆಂಟ್ ಬಿಲ್ ಇಲ್ಲ ಅಂತ ಸುಮ್ಮನಾಗಬೇಡಿ, ಬಿಎಲ್‌ಒ ಸ್ಥಳಕ್ಕೇ ಬಂದು ಪರಿಶೀಲಿಸೋ ದಾರಿ ಇದೆ. 85 ದಾಟಿದವರಿಗೆ, ಚುನಾವಣಾ ಅಧಿಸೂಚನೆ ಹೊರಟ ಐದು ದಿನದೊಳಗೆ ಫಾರಂ 12ಡಿ ಕೊಡಬೇಕು. ಅದು ಮಂಜೂರಾದ್ರೆ ಮತ್ತೆ ಮತಗಟ್ಟೆಗೆ ಹೋಗಿ ಹಾಕೋಕೆ ಆಗಲ್ಲ, ನೆನಪಿರಲಿ. ಗೊಂದಲ ಇದ್ರೆ 1950ಕ್ಕೆ ಫೋನ್ ಮಾಡಿ.

ಫಾರಂ ನೀವು ತುಂಬಿ. ವೋಟು ಹಾಕೋ ಹೊತ್ತಿಗೆ ಮಾತ್ರ ರೂಮಿಂದ ಆಚೆ ಬಂದ್ಬಿಡಿ.

ಮತ್ತೆ ಸಿಗೋಣ.