ಸಡಿಲ ಬಿಡುವ ಗಳಿಗೆ



'ಕಡಿವಾಣ ಹಾಕಬೇಕು' ಅನ್ನುವ ಮಾತನ್ನು ನಾವು ಬೆಲೆಗೂ ಹೇಳುತ್ತೇವೆ, ಖರ್ಚಿಗೂ ಹೇಳುತ್ತೇವೆ, ಮಕ್ಕಳ ತುಂಟತನಕ್ಕೂ ಹೇಳುತ್ತೇವೆ. ಆ ಕಡಿವಾಣ ಕುದುರೆಯ ಬಾಯಲ್ಲಿ ಎಲ್ಲಿ ಕೂರುತ್ತದೆ ಗೊತ್ತೇ? ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಸಂದು ಇದೆ. ಅಲ್ಲಿ ಎಲುಬಿನ ಮೇಲೆ ತೆಳ್ಳನೆಯ ವಸಡು ಮಾತ್ರ. ಲೋಹದ ತುಂಡು ಕೂರುವುದು ನಾಲಿಗೆಯ ಮೇಲೆ, ಆ ವಸಡಿನ ಮೇಲೆ. ಲಗಾಮು ಜಗ್ಗಿದರೆ ನೋವು ನೇರ ಅಲ್ಲಿಗೇ.

ಕ್ಯಾಲಿಫೋರ್ನಿಯಾದ ವಾಕೆರೋಗಳು, ಅಂದರೆ ಸ್ಪ್ಯಾನಿಷ್ ಕಾಲದಿಂದ ಬಂದ ಕುದುರೆ ಸವಾರಿಯ ದನಗಾಹಿಗಳು, ಎಳೆಯ ಕುದುರೆಯ ಬಾಯಿಗೆ ಲೋಹ ಇಡಲು ಅವಸರ ಮಾಡುತ್ತಿರಲಿಲ್ಲ. ಹಸಿ ಚರ್ಮದ ಎಳೆಗಳನ್ನು ಹೆಣೆದ 'ಬೊಸಾಲ್' ಎಂಬ ಬಳೆಯನ್ನು ಮೂಗಿನ ಸುತ್ತ ತೊಡಿಸುತ್ತಿದ್ದರು. ಕುದುರೆಯ ಕೂದಲಿನಿಂದಲೇ ಹೊಸೆದ ಹಗ್ಗ ಅದಕ್ಕೆ ಲಗಾಮು. ಕುದುರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕೆಲಸ ಸುಮಾರು 5 ವರ್ಷದವರೆಗೂ ನಡೆಯುತ್ತದೆ. ಆ ವಯಸ್ಸಿನಲ್ಲಿ ಬಾಯಿಗೆ ಬಿಡುವು ಸಿಗುತ್ತಿತ್ತು. ಆಮೇಲೆ ಕಡಿವಾಣ ಬಂದರೂ ಬಹಳ ದಿನ ಬೊಸಾಲ್ ಜೊತೆಗೇ ಇರುತ್ತಿತ್ತು. ಅವರ ಈ ತಾಳ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ.

ಬೊಸಾಲ್ ತೊಡಿಸಿದ ಕುದುರೆಗೆ ಪಾಠ ಶುರುವಾಗುವುದು ನೆಲದ ಮೇಲೆ, ಕುದುರೆಯ ಪಕ್ಕದಲ್ಲಿ ನಿಂತು. ಎಡಗಡೆ ಹಗ್ಗವನ್ನು ಬೆರಳು ಮಡಿಸಿದಷ್ಟೇ ಬಿಗಿ ಮಾಡಬೇಕು. ಏನು ಕೇಳುತ್ತಿದ್ದೀರಿ ಅಂತ ಪಾಪ ಅದಕ್ಕೆ ತಿಳಿಯುವುದಿಲ್ಲ. ತಲೆ ಎತ್ತುತ್ತದೆ, ಬಲಗಡೆಗೆ ವಾಲುತ್ತದೆ, ಮೂಗನ್ನು ಮುಂದಕ್ಕೆ ಚಾಚುತ್ತದೆ. ಆಗ ಜೋರಾಗಿ ಎಳೆಯಬಾರದು, ಪೂರ್ತಿ ಬಿಡಲೂಬಾರದು. ಅಷ್ಟೇ ಬಿಗಿ ಇಟ್ಟುಕೊಂಡು ಕಾಯಬೇಕು. ಎಷ್ಟೋ ಹೊತ್ತಿಗೆ ಎಡಗಿವಿ ನಿಮ್ಮ ಕಡೆ ತಿರುಗುತ್ತದೆ. ಮೂಗು ಎರಡು ಬೆರಳಿನಷ್ಟು ಈಚೆ ಬರುತ್ತದೆ. ಅದೇ ಗಳಿಗೆಯಲ್ಲಿ ಕೈ ಸಡಿಲ ಬಿಡಬೇಕು. ಕುದುರೆ ಕಲಿಯುವುದು ಎಳೆದಾಗಲ್ಲ, ಬಿಟ್ಟಾಗ. ನೀವು ಎರಡು ಕ್ಷಣ ತಡಮಾಡಿದರೆ ಅದಕ್ಕೆ ಸಿಗುವ ಉತ್ತರವೇ ಬೇರೆಯಾಗುತ್ತದೆ.

ಬಾಯಲ್ಲಿ ಲೋಹ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಮೃದುವಾಯಿತು ಅಂತಲೂ ಅಲ್ಲ. ಎತ್ತಿನ ಮೂಗುದಾರ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದುರೆಯ ಮೂಗಿನೆಲುಬು ಕೆಳಗೆ ಬಂದಂತೆ ತೆಳುವಾಗುತ್ತದೆ. ಮೂಗಿನ ಪಟ್ಟಿಯನ್ನು ತೀರ ಕೆಳಗೆ ಕಟ್ಟಿದರೆ ಉಸಿರಿಗೂ ಕಷ್ಟ. ಉದ್ದನೆಯ ಸನ್ನೆಕಡ್ಡಿ ಇರುವ ಸಾಧನಗಳೂ ಇವೆ. ಅವು ಸವಾರನ ಸಣ್ಣ ಎಳೆತವನ್ನೂ ಹಲವು ಪಟ್ಟು ಮಾಡಿ ಮೂಗನ್ನು ಅದುಮುತ್ತವೆ. ಒರಟು ಕೈಗೆ ಅಂಥದ್ದನ್ನು ಕೊಡಲೇಬಾರದು ಅನ್ನುತ್ತೇನೆ ನಾನು.

ಮೈಮೇಲೆ ನೊಣ ಕೂತರೆ ಅಷ್ಟೇ ಜಾಗದ ಚರ್ಮವನ್ನು ಅದುರಿಸುವ ಪ್ರಾಣಿ ಕುದುರೆ. ನಮ್ಮ ಕೈ ಅದಕ್ಕೆ ತಿಳಿಯದೆ ಇರುತ್ತದೆಯೇ? ಕೆಲವು ವಾರ ಕಳೆದ ಮೇಲೆ ಸವಾರ ತಾನು ಹೋಗಬೇಕಾದ ಕಡೆ ನೋಡಿ, ಸೊಂಟ ಒಂದಿಷ್ಟು ತಿರುಗಿಸಿದರೆ ಸಾಕು. ಹಗ್ಗ ಬಿಗಿಯಾಗುವ ಮೊದಲೇ ಕುದುರೆ ಹೊರಳಿರುತ್ತದೆ. ಕತ್ತು ತಗ್ಗಿಸಿ, ತುಟಿ ಚಪ್ಪರಿಸುತ್ತಾ ನಡೆಯುತ್ತದೆ. ಲಗಾಮು ಅದರ ಗದ್ದದ ಕೆಳಗೆ ಜೋತು ಬಿದ್ದು, ಹೆಜ್ಜೆಗೊಮ್ಮೆ ಮೆಲ್ಲಗೆ ತೂಗುತ್ತಿರುತ್ತದೆ.