ಬಿಸಿನೀರು ಹೋಗುವ ಪೈಪು



ಇವತ್ತು ಪೈಪಿನ ವಿಷಯ ಮಾತಾಡೋಣ. ನಗಬೇಡಿ. ಇದು ನಮ್ಮ ಮನೆಯಲ್ಲೇ ನಡೆದದ್ದು.

ನಮ್ಮ ಅಡುಗೆಮನೆಗೆ ಹೊಸದಾಗಿ ಸಿಂಕು ಹಾಕಿಸಿದೆವು. ನೀರು ಹೊರಗೆ ಹೋಗಲು ಬೂದು ಬಣ್ಣದ ಪಿ.ವಿ.ಸಿ. ಪೈಪು ಜೋಡಿಸಿದರು. "ಬಿಸಿನೀರು ತಡೆಯುತ್ತಾ ಅಣ್ಣಾ?" ಅಂತ ಕೇಳಿದೆ. "ಎಲ್ಲಾ ಪೈಪೂ ಒಂದೇ ಟೀಚರ್" ಅಂದರು. ನಾನೂ ಸುಮ್ಮನಾದೆ.

ದಿನಾ ಅನ್ನ ಬಸಿದ ಗಂಜಿಯನ್ನು ಸುಡುಸುಡು ಇರುವಾಗಲೇ ಅದರಲ್ಲಿ ಸುರಿಯುತ್ತಿದ್ದೆ. ಕೆಲವು ತಿಂಗಳು ಕಳೆಯಿತು. ಪೈಪು ಬೆಂದ ಹುರುಳಿಕಾಯಿಯ ಹಾಗೆ ಜೋತುಬಿತ್ತು. ನೋಡಿಯೂ ಬಿಟ್ಟೆ. ಒಂದು ದಿನ ಮೂಲೆಯ ಬೆಂಡು ಕಳಚಿಕೊಂಡಿತು. ಸಿಂಕಿನ ಕೆಳಗೆ ನನ್ನ ಮಗಳು ಪಾತ್ರೆ ಇಟ್ಟುಕೊಂಡು ಆಡುತ್ತಿದ್ದಳು. ಬಿಸಿ ಗಂಜಿ ಅವಳ ಕಾಲಿನ ಮೇಲೆ ಬಿತ್ತು. ಬೊಬ್ಬೆ ಎದ್ದವು. ಬಹಳ ಹೊತ್ತು ನಲ್ಲಿ ನೀರಿನ ಕೆಳಗೆ ಕಾಲು ಹಿಡಿದೆ. ಆಮೇಲೆ ಆಸ್ಪತ್ರೆಗೆ ಓಡಿದೆ. ಈಗ ವಾಸಿಯಾಗಿದೆ. ಕಲೆ ಹಾಗೇ ಇದೆ.

ಪೈಪು ಯಾಕೆ ಹಾಗಾಯಿತು? ನೀರು 100 ಡಿಗ್ರಿ ಶಾಖದಲ್ಲಿ ಕುದಿಯುತ್ತದೆ. ಸಾಮಾನ್ಯ ಪಿ.ವಿ.ಸಿ. ತಡೆಯುವುದು ಸುಮಾರು 60 ಡಿಗ್ರಿವರೆಗೆ ಮಾತ್ರ. 80 ಡಿಗ್ರಿ ಹೊತ್ತಿಗೆ ಮೆತ್ತಗಾಗಿಬಿಡುತ್ತದೆ.

ಸಿ.ಪಿ.ವಿ.ಸಿ. ಅಂತ ಇನ್ನೊಂದು ಪೈಪು ಇದೆ. ಅದೂ ಪಿ.ವಿ.ಸಿ.ಯೇ. ಆದರೆ ತಯಾರಿಸುವಾಗ ಕ್ಲೋರಿನ್ ಹೆಚ್ಚಾಗಿ ಸೇರಿಸುತ್ತಾರೆ. ಕುಡಿಯುವ ನೀರಿನ ಟ್ಯಾಂಕಿಗೆ ಹಾಕುತ್ತಾರಲ್ಲ, ಅದೇ ಕ್ಲೋರಿನ್. ಅದರಿಂದ ಪೈಪಿಗೆ ಶಾಖ ತಡೆಯುವ ಶಕ್ತಿ ಬರುತ್ತದೆ. ಸುಮಾರು 90 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ.

ಅಂಗಡಿಯಲ್ಲಿ ಗುರುತು ಹಿಡಿಯುವುದು ಹೇಗೆ? ಈ ಪೈಪು ಹೆಚ್ಚಾಗಿ ಕೆನೆ ಬಣ್ಣದಲ್ಲಿ ಇರುತ್ತದೆ. ಆದರೆ ಬಣ್ಣ ನೋಡಿ ನಂಬಬೇಡಿ. ಪೈಪಿನ ಮೈಮೇಲೆ ಅಚ್ಚು ಹಾಕಿದ್ದನ್ನು ಓದಿ. ಅಕ್ಷರ ಇಂಗ್ಲಿಷಿನಲ್ಲಿ ಇರಬಹುದು. ಇರಲಿ, ಅಂಕಿ ನಿಮಗೆ ಬರುತ್ತದಲ್ಲ! ಐ.ಎಸ್.ಐ. ಮುದ್ರೆಯ ಹತ್ತಿರ 15778 ಅಂತ ಇದ್ದರೆ ಅದು ಬಿಸಿನೀರಿಗೂ ಆಗುವ ಸಿ.ಪಿ.ವಿ.ಸಿ. ಪೈಪು. 4985 ಅಂತ ಇದ್ದರೆ ಅದು ತಣ್ಣೀರಿನ ಪಿ.ವಿ.ಸಿ. ಪೈಪು.

ಬೆಲೆ ಜಾಸ್ತಿ, ನಿಜ. ಇಡೀ ಮನೆಗೆ ಯಾರು ಹಾಕಿಸಿ ಅಂದರು? ಸಿಂಕಿನಿಂದ ಹೊರಗಿನ ಚರಂಡಿಯವರೆಗೆ ಸಾಕು. ಆದರೆ ಬೆಂಡೂ ಸಿ.ಪಿ.ವಿ.ಸಿ.ಯದೇ ಆಗಬೇಕು. ಅಂಟೂ ಅದರದೇ ಬೇಕು. ಬೇರೆ ಅಂಟು ಹಾಕಿದರೆ ಜೋಡಣೆ ಬಿಡುತ್ತದೆ. ಪೈಪನ್ನು ಗೋಡೆಗೆ ಹತ್ತಿರ ಹತ್ತಿರ ಕ್ಲಾಂಪು ಹೊಡೆಸಿ ನಿಲ್ಲಿಸಿ.

ಇನ್ನೊಂದು ಮಾತು. 90 ಎಲ್ಲಿ, 100 ಎಲ್ಲಿ? ಲೆಕ್ಕ ಹಾಕಿ. ಅದಕ್ಕೇ ನಾನು ಈಗ ಮೊದಲು ನಲ್ಲಿ ಬಿಡುತ್ತೇನೆ, ಆಮೇಲೆ ಗಂಜಿ ಸುರಿಯುತ್ತೇನೆ. ಗಂಜಿಯನ್ನು ಆರಿಸಿ ಕಲಗಚ್ಚಿಗೆ ಹಾಕಿ ದನಕ್ಕೆ ಇಡುವವರಿಗೆ ಈ ತಾಪತ್ರಯವೇ ಇಲ್ಲ, ಬಿಡಿ.

ಈಗ ಸ್ಲೇಟು ತೆಗೆಯಿರಿ. ಬೋರ್ಡಿನ ಮೇಲೆ ಬರೆಯುತ್ತೇನೆ, ನೋಡಿ ಬರೆದುಕೊಳ್ಳಿ: 15778.